ಧ್ರುವದ ತಲೆ ಮೇಲಿನ ಬೀಸೋ ಕಲ್ಲು

ಬೆಂಗಳೂರಿನ ಹಳೆ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂ ಮುಂದೆ ನಮ್ಮಂಥ ಐಟಿಯವರು ದಿನಾ ಟ್ರಾಫಿಕ್‌ನಲ್ಲಿ ನಿಂತಿರ್ತೀವಿ, ಒಳಗೆ ಹೋದವರು ಕಡಿಮೆ. ಹೆಲಿಕಾಪ್ಟರ್ ರಿಪೇರಿ, ತಪಾಸಣೆಯಲ್ಲೇ ಸರ್ವಿಸ್ ಮುಗಿಸಿದ ನನ್ನ ಸೋದರಮಾವ ಊರಿಂದ ಬಂದಿದ್ದಾಗ ಹೋಗುವ ಯೋಗ ಕೂಡಿಬಂತು.

ಮಕ್ಕಳೆಲ್ಲ ಮಾರುತ್, ಮಿಗ್-21 ಕಡೆ ಓಡುತ್ತಿದ್ದರು. ಮಾವ ಮಾತ್ರ ಸೀದಾ ಧ್ರುವ ಹೆಲಿಕಾಪ್ಟರ್ ಹತ್ತಿರ ಹೋಗಿ ಕತ್ತೆತ್ತಿ ನಿಂತರು. 1992ರಲ್ಲಿ ಮೊದಲ ಸಲ ಹಾರಿದ, ನಮ್ಮ ಬೆಂಗಳೂರಲ್ಲೇ ತಯಾರಾಗುವ ಹೆಲಿಕಾಪ್ಟರ್ ಇದು. "ರೆಕ್ಕೆ ಎಲ್ಲರೂ ನೋಡ್ತಾರೆ. ರೆಕ್ಕೆಯ ಬುಡದಲ್ಲಿ ಸ್ವಾಶ್‌ಪ್ಲೇಟ್ ಅಂತ ಒಂದಿದೆ, ಕೆಳಗಿಂದ ಕಾಣಲ್ಲ" ಅಂದರು.

ಅರ್ಥವಾಗಲಿಲ್ಲ ಅಂದಾಗ ಅಜ್ಜಿ ಮನೆಯ ಬೀಸೋ ಕಲ್ಲಿನ ಉದಾಹರಣೆ ಕೊಟ್ಟರು. ಎರಡು ಬಿಲ್ಲೆ, ನಡುವೆ ಬೇರಿಂಗ್. ಕೆಳಗಿನದು ತಿರುಗಲ್ಲ, ಮೇಲಿನದು ರೆಕ್ಕೆಗಳ ಜೊತೆ ಸುತ್ತುತ್ತೆ. ಪೈಲಟ್ ಸ್ಟಿಕ್ ಅಲುಗಿಸಿದರೆ ರಾಡ್‌ಗಳು ಕೆಳಗಿನದನ್ನು ಓರೆ ಮಾಡುತ್ತವೆ, ಮೇಲಿನದೂ ಓರೆಯಾಗಿ ಪ್ರತಿ ರೆಕ್ಕೆಯ ಕೋನ ಬದಲಿಸುತ್ತದೆ. ಹೆಲಿಕಾಪ್ಟರ್ ಪೈಲಟ್ ಮಾತು ಕೇಳೋದು ಇದರಿಂದಲೇ. ಇದು ಮುರಿದರೆ ಎಂಜಿನ್ ಎರಡಿದ್ದೂ ಪ್ರಯೋಜನವಿಲ್ಲ.

ನಮ್ಮ ಕೆಲಸದಲ್ಲಿ ಒಂದು ಸರ್ವರ್ ಬಿದ್ದರೆ ಇನ್ನೊಂದು ಕೆಲಸ ಶುರು ಮಾಡುತ್ತೆ. ಇಲ್ಲಿ ಹಾಗೆ ಎರಡನೆಯದಿಲ್ಲ. ಕಡ್ಡಾಯ ತಪಾಸಣೆಯೇ ಗತಿ.

2025ರ ಜನವರಿ 5ರಂದು ಪೋರಬಂದರಿನಲ್ಲಿ ಕೋಸ್ಟ್ ಗಾರ್ಡ್‌ನ ಧ್ರುವ ಬಿದ್ದು ಮೂವರು ತೀರಿಕೊಂಡರು. ಸ್ವಾಶ್‌ಪ್ಲೇಟ್ ಬಿರುಕುಬಿಟ್ಟಿದ್ದು ತನಿಖೆಯಲ್ಲಿ ಗೊತ್ತಾಯ್ತು. ದೇಶದ ಮುನ್ನೂರಕ್ಕೂ ಹೆಚ್ಚು ಧ್ರುವಗಳು ತಿಂಗಳುಗಟ್ಟಲೆ ನೆಲದಲ್ಲೇ ನಿಂತವು. ಗಡಿಯ ಗುಡ್ಡಗಳಿಗೆ ಸಾಮಾನು, ರೋಗಿಗಳನ್ನು ಸಾಗಿಸುವ ಹೆಲಿಕಾಪ್ಟರ್ ಅಷ್ಟು ದಿನ ನಿಲ್ಲೋದು ಸಣ್ಣ ಮಾತಲ್ಲ. ಆದರೂ ನಿಲ್ಲಿಸಿದ್ದೇ ಸರಿ ಅಂತ ನನಗನ್ನಿಸುತ್ತೆ.

ಬಿರುಕು ಹುಡುಕೋದು ಹೇಗೆ ಅಂತ ಕೇಳಿದೆ. ಭಾಗವನ್ನು ತೊಳೆದು ಒರೆಸಿ ಕೆಂಪು ಬಣ್ಣದ ದ್ರವ ಹಚ್ಚುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಪೂರ್ತಿ ಒರೆಸಿ ಬಿಳಿ ಪುಡಿ ಹಾಕುತ್ತಾರೆ. ಕಣ್ಣಿಗೆ ಕಾಣದ ಸೀಳಿದ್ದರೆ ಒಳಗೆ ಇಳಿದ ಬಣ್ಣ ಮೇಲೆ ಬಂದು ಬಿಳಿಯ ಮೇಲೆ ಕೂದಲೆಳೆಯಂಥ ಕೆಂಪು ಗೆರೆ ಮೂಡುತ್ತೆ. ಉಕ್ಕಿನ ಭಾಗಗಳಿಗೆ ಅಯಸ್ಕಾಂತದ ವಿಧಾನವೂ ಇದೆ. ಬಿಗಿದ ನಟ್ ಮೇಲೆ ಬಣ್ಣದ ಗೀಟು ಎಳೆದಿರುತ್ತಾರೆ. ಗೀಟು ತುಂಡಾಗಿ ಕಂಡರೆ ನಟ್ ಸಡಿಲವಾಗಿದೆ ಅಂತ ಲೆಕ್ಕ.

ಕಂಟ್ರೋಲ್ ಭಾಗಗಳನ್ನು ಬಿಚ್ಚಿ ಜೋಡಿಸಿದರೆ ಇಬ್ಬರು ಬೇರೆಬೇರೆಯಾಗಿ ನೋಡಿ ಸಹಿ ಹಾಕಬೇಕು. "ಮೊದಲನೆಯವನು ನೋಡಿದ್ದಾನಲ್ಲ ಅಂತ ಎರಡನೆಯವನು ಸಹಿ ಹಾಕಬಾರದು. ಏನೂ ನೋಡಿಲ್ಲ ಅನ್ನೋ ಹಾಗೆ ಮೊದಲಿಂದ ಶುರು ಮಾಡ್ಬೇಕು" ಅಂದರು ಮಾವ. ನಮ್ಮಲ್ಲಿ ಕೋಡ್ ರಿವ್ಯೂ ಹೇಗೆ ನಡೆಯುತ್ತೆ ಅಂತ ಅವರಿಗೆ ಹೇಳಲು ಹೋಗಲಿಲ್ಲ!

"ಬೇಜಾರಾಗ್ತಿರಲಿಲ್ವಾ ಮಾವ, ದಿನಾ ಅದೇ ನಟ್ ನೋಡೋಕೆ?"

"ಆಗ್ತಿತ್ತು. ಆದ್ರೆ ಅದರಲ್ಲಿ ಹೋಗೋ ಪೈಲಟ್ ಪಕ್ಕದಲ್ಲೇ ಟೀ ಕುಡೀತಾ ನಿಂತಿರ್ತಿದ್ದ."

ಒಳಗಿನ ಎಂಜಿನ್ ವಿಭಾಗವನ್ನು ಬಿಡಬೇಡಿ, ಮಕ್ಕಳಿದ್ದರೆ ಅರ್ಧ ದಿನ ಇಟ್ಟುಕೊಳ್ಳಿ. ಧ್ರುವದ ಹತ್ತಿರ ಹೋದಾಗ ಒಮ್ಮೆ ಕತ್ತೆತ್ತಿ ರೆಕ್ಕೆಯ ಬುಡದ ಕಡೆಯೂ ನೋಡಿ.