ಚಿತ್ತೆಯ ಕೆಳಗೆ ಮೂರು ಮುಷ್ಟಿ

ಕೃಷ್ಣರಾಜನಗರದ ನಮ್ಮ ಮನೆಯ ತಾರಸಿಯಿಂದ ಧ್ರುವ ನಕ್ಷತ್ರ ಕಾಣುವುದಿಲ್ಲ. ಪಕ್ಕದ ಮನೆಯವರ ತೆಂಗಿನಮರ ಅಡ್ಡ ಬರುತ್ತದೆ. ನಾವಿರುವುದು 12 ಡಿಗ್ರಿ ಚಿಲ್ಲರೆ ಅಕ್ಷಾಂಶದಲ್ಲಿ. ಧ್ರುವ ನಮಗೆ ದಿಗಂತದಿಂದ ಅಷ್ಟೇ ಎತ್ತರ. ಕೈ ಚಾಚಿ ಮುಷ್ಟಿ ಹಿಡಿದರೆ ಹತ್ತು ಡಿಗ್ರಿ, ಮೇಲೊಂದು ಬೆರಳು ಇಟ್ಟರೆ ಇನ್ನೆರಡು. ಅಷ್ಟು ಕೆಳಗಿರುವ ಚುಕ್ಕಿಯನ್ನು ಮರೆಮಾಡಲು ಒಂದು ತೆಂಗು ಸಾಕು, ಒಂದು ನೀರಿನ ಟ್ಯಾಂಕು ಸಾಕು, ಚಳಿಗಾಲದಲ್ಲಿ ಕಾವೇರಿ ನಾಲೆಯ ಮೇಲೇಳುವ ಮಂಜೂ ಸಾಕು.

ಬರೀ ಕಣ್ಣಲ್ಲಿ ಆಕಾಶ ನೋಡುವವನಿಗೆ ಇದೇನೂ ತೊಂದರೆಯಲ್ಲ. ಫೋಟೊ ತೆಗೆಯಹೊರಟವನಿಗೆ ಮಾತ್ರ ಧ್ರುವ ಬೇಕೇ ಬೇಕು. ಭೂಮಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ತಿರುಗುತ್ತದೆ. ಅದಕ್ಕೆ ಸರಿಯಾಗಿ ದೂರದರ್ಶಕವನ್ನು ಹಿಮ್ಮುಖವಾಗಿ ತಿರುಗಿಸುವ ಮೋಟರಿನ ಅಕ್ಷ ಧ್ರುವದ ಕಡೆಗೇ ನೆಟ್ಟಿರಬೇಕು. ಕೊಂಚ ತಪ್ಪಿದರೂ ನಕ್ಷತ್ರಗಳೆಲ್ಲ ಅಕ್ಕಿಕಾಳಿನ ಹಾಗೆ ಉದ್ದವಾಗಿ ಮೂಡುತ್ತವೆ. ನನ್ನ ಬಳಿ ಅಂಥ ಅಕ್ಕಿಕಾಳಿನ ಚಿತ್ರಗಳು ಒಂದು ಮೂಟೆಯಷ್ಟಿವೆ.

ನನ್ನ ದೂರದರ್ಶಕ ಸಣ್ಣದು. ಐದು ಅಂಗುಲದ ಕನ್ನಡಿ, ಅಡುಗೆಮನೆಯ ಒಂದು ತಟ್ಟೆಯಷ್ಟೂ ಅಗಲವಿಲ್ಲ. ಅದರ ಬೆನ್ನಿಗೆ ಹಳೆಯ ಕ್ಯಾಮೆರಾ. ನಕ್ಷತ್ರಗಳನ್ನು ಗುರುತಿಸಲು ನಾನು ಕಲಿತದ್ದು ಮೈಸೂರಿನ ಜಿ.ಟಿ. ನಾರಾಯಣರಾಯರ ಕನ್ನಡ ಪುಸ್ತಕಗಳಿಂದ. ಉಪಕರಣ ಬಂದದ್ದು ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ. ಈ ಜೋಡಿ ಇಟ್ಟುಕೊಂಡು ನಾನು ಹಿಡಿಯಬೇಕೆಂದಿದ್ದದ್ದು ಸೆಂಟಾರಸ್ ಎ ಎಂಬ ಗೆಲಾಕ್ಸಿಯನ್ನು. ದೂರ ಸುಮಾರು 1.2 ಕೋಟಿ ಜ್ಯೋತಿರ್ವರ್ಷ.

ಎಲ್ಲರೂ ತೆಗೆಯುವ ಆಂಡ್ರೊಮಿಡಾ ಬಿಟ್ಟು ಇದೇ ಯಾಕೆ ಎಂದರೆ, ಸ್ವಲ್ಪ ಊರಿನ ಅಭಿಮಾನ. ಇದು ಆಕಾಶದ ದಕ್ಷಿಣದ ಆಸ್ತಿ. ಪ್ಯಾರಿಸ್ಸಿನಲ್ಲಿ ಕೂತು ಮಬ್ಬು ಮಚ್ಚೆಗಳ ಪಟ್ಟಿ ಮಾಡಿದ ಮೆಸ್ಯೆಗೆ ಇದು ಕಾಣುವಂತೆಯೇ ಇರಲಿಲ್ಲ. ಅಲ್ಲಿ ಇದು ಹುಟ್ಟುವುದೇ ಇಲ್ಲ. ಕಡೆಗೆ 1826ರಲ್ಲಿ ಆಸ್ಟ್ರೇಲಿಯಾದ ಪ್ಯಾರಮಟ್ಟಾದಿಂದ ಜೇಮ್ಸ್ ಡನ್‌ಲಪ್ ಇದನ್ನು ಗುರುತಿಸಿದ. ಅಂಥದ್ದು ನಮಗೆ ದಿಗಂತದಿಂದ ಮೂರೂವರೆ ಮುಷ್ಟಿ ಮೇಲೆ ಬರುತ್ತದೆ. ಇನ್ನೂ ಒಂದು ಸೊಗಸಿದೆ. ಚಿತ್ತಾ ನಕ್ಷತ್ರ ನೆತ್ತಿಯ ಸಾಲು ದಾಟುವ ಗಳಿಗೆಯಲ್ಲೇ ಈ ಗೆಲಾಕ್ಸಿಯೂ ದಾಟುತ್ತದೆ. ಎರಡಕ್ಕೂ ಸೆಕೆಂಡುಗಳ ಅಂತರವಷ್ಟೇ. ಚಿತ್ತೆಯಿಂದ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟರೆ ಮೂರು ಮುಷ್ಟಿ, ಒಂದು ಬೆರಳು ಕೆಳಗೆ ಅದು ಇದೆ.

2024ರ ಮಾರ್ಚ್ 8, ಶಿವರಾತ್ರಿ. ಅಮಾವಾಸ್ಯೆಗೆ ಮುಂಚಿನ ರಾತ್ರಿಗಳು ಚಂದ್ರನ ಕಾಟವಿಲ್ಲದವು. ನಮ್ಮ ಹಿರಿಯರು ಜಾಗರಣೆಗೆ ಆರಿಸಿದ ರಾತ್ರಿ ನನ್ನ ಕೆಲಸಕ್ಕೂ ಹೇಳಿ ಮಾಡಿಸಿದಂತಿತ್ತು. ಬೆಳಿಗ್ಗೆ ಅರ್ಕೇಶ್ವರನ ಗುಡಿಯಲ್ಲಿ ಕೈಮುಗಿದು, ಅಕ್ಕನ ಮಗನ ಕಾರಿನಲ್ಲಿ ಸಾಮಾನು ತುಂಬಿ ಹೊರಟೆವು. ಎದುರಿಗೆ ಕಪ್ಪಡಿ ಜಾತ್ರೆಗೆ ಹೊರಟವರ ಸಾಲು: ಟೆಂಪೊ, ಟ್ರ್ಯಾಕ್ಟರು, ತಲೆಯ ಮೇಲೆ ಗಂಟು ಹೊತ್ತ ಹೆಂಗಸರು. ಹುಣಸೂರು ತಲುಪುವ ಹೊತ್ತಿಗೆ ನೆನಪಾಯಿತು, ದೂರದರ್ಶಕದ ತೂಕ ಸಮ ಮಾಡುವ ಕಬ್ಬಿಣದ ಗುಂಡನ್ನು ಮನೆಯ ಜಗಲಿಯಲ್ಲೇ ಬಿಟ್ಟು ಬಂದಿದ್ದೇನೆ.

“ವಾಪಸ್ ಹೋಗೋದಾ ಮಾವ?” ಎಂದ ಹುಡುಗ. ಹೋಗಲಿಲ್ಲ. ಹೇಗೂ ದೂರದರ್ಶಕದ ಮೋಟರಿಗೆಂದು ಪಿರಿಯಾಪಟ್ಟಣದ ಗೆಳೆಯನ ಮನೆಯಿಂದ ಟ್ರ್ಯಾಕ್ಟರಿನ ಬ್ಯಾಟರಿ ತರಬೇಕಿತ್ತು. ಅಲ್ಲಿಗೇ ಹೋದೆವು.

ಗೆಳೆಯ ಹೊಗೆಸೊಪ್ಪಿನ ಬೆಳೆಗಾರ. ಹರಾಜು ಮುಗಿಯುತ್ತ ಬಂದಿತ್ತು, ಸೊಪ್ಪು ಬೇಯಿಸುವ ಬ್ಯಾರನ್ ಖಾಲಿ ಬಿದ್ದಿತ್ತು. ಒಳಗೆ ಕಾಲಿಟ್ಟರೆ ಈಗಲೂ ಬೆಂದ ಸೊಪ್ಪಿನ ಸಿಹಿ ಘಾಟು. ಅವನು ಮೂಲೆ ತಡಕಿ ಎರಡು ಕಿಲೋದ ತೂಕದ ಬಟ್ಟು ತಂದ, ಬೇಲು ಕಟ್ಟುವ ಸೆಣಬಿನ ಹುರಿಯಿಂದ ಅದನ್ನು ನನ್ನ ಉಪಕರಣದ ಸರಳಿಗೆ ಬಿಗಿದ. ಕಾರ್ಖಾನೆಯ ಗುಂಡಿಗಿಂತ ಗಟ್ಟಿಯಾಗಿ ಕೂತಿತು. “ಇಲ್ಲೇ ತೆಗೀಬೋದಲ್ಲೋ, ದಕ್ಷಿಣಕ್ಕೆ ಪೂರಾ ನಾಗರಹೊಳೆ ಕಾಡು” ಎಂದ. ನಿಜವೇ. ಆದರೆ ಅವನ ದಕ್ಷಿಣದ ಬದುವಿನ ತುಂಬ ಸಿಲ್ವರ್ ಓಕ್ ಮರಗಳು ಆಳೆತ್ತರಕ್ಕೆ ಮೂರು ಪಟ್ಟು ನಿಂತಿದ್ದವು. ಪಶ್ಚಿಮಕ್ಕೆ ಬೈಲಕುಪ್ಪೆ, ಕುಶಾಲನಗರದ ದೀಪಗಳ ಹೊಳಪು ಬೇರೆ. “ಸೊಪ್ಪು ಬೇಯೋ ಕಾಲದಲ್ಲಿ ಬಾ. ಒಲೆಗೆ ಸೌದೆ ಕೊಡ್ತಾ ನಾನೂ ರಾತ್ರಿಯೆಲ್ಲ ಎಚ್ಚರ ಇರ್ತೀನಿ” ಎಂದ. ಆ ಕಾಲದಲ್ಲಿ ಆಕಾಶದ ತುಂಬ ಮುಂಗಾರು ಮೋಡ. ಇಬ್ಬರೂ ಎಚ್ಚರವಿರುವ ರಾತ್ರಿ ನಮಗೆ ಕೂಡಿಬರುವುದೇ ಇಲ್ಲವೇನೋ.

ಮತ್ತೆ ಹುಣಸೂರು, ಲಕ್ಷ್ಮಣತೀರ್ಥದ ಸೇತುವೆ, ಅಲ್ಲಿಂದ ಎಚ್.ಡಿ. ಕೋಟೆ ದಾರಿ. ಹ್ಯಾಂಡ್‌ಪೋಸ್ಟಿನಲ್ಲಿ ಚಹಾ ಕುಡಿದು ಸರಗೂರಿನ ಕಡೆ ತಿರುಗಿದಾಗ ಬಿಸಿಲು ಇಳಿದಿತ್ತು. ಮೈಸೂರಿನ ಬೆಳಕು ಈಗ ಈಶಾನ್ಯಕ್ಕೆ, ನಮ್ಮ ಬೆನ್ನಿಗೆ. ದಕ್ಷಿಣಕ್ಕೆ ಕಬಿನಿಯ ಹಿನ್ನೀರು, ಅದರಾಚೆ ಕಾಡೇ ಕಾಡು. ಅಲ್ಲಿನ ರಸ್ತೆಗಳಲ್ಲಿ ರಾತ್ರಿ ವಾಹನ ಓಡುವಂತಿಲ್ಲ. ಹೆಡ್‌ಲೈಟಿನ ಭಯವೂ ಇಲ್ಲ. ಕಾಡೊಳಗೆ ನಾವು ಹೋಗುವಂತಿಲ್ಲ, ಹೋಗಬಾರದು ಕೂಡ. ಪರಿಚಯದವರ ಮೂಲಕ ಕಾಡಂಚಿನ ಒಂದು ಬಾಳೆತೋಟದ ಯಜಮಾನರನ್ನು ಮೊದಲೇ ಕೇಳಿಕೊಂಡಿದ್ದೆ.

ಯಜಮಾನರಿಗೆ ಎಪ್ಪತ್ತು ದಾಟಿದೆ. ವರ್ಷದ ಬಹುಪಾಲು ರಾತ್ರಿಗಳನ್ನು ಅವರು ಕಳೆಯುವುದು ತೋಟದ ಮೂಲೆಯ ಅಟ್ಟಣೆಯ ಮೇಲೆ, ಆನೆ ಕಾಯುತ್ತ. “ಬನ್ನಿ ಮೇಷ್ಟ್ರೇ, ಹೆಂಗೂ ಇವತ್ತು ಊರೆಲ್ಲ ಎದ್ದಿರ್ತದೆ, ನಾವು ದಿನಾ ಎದ್ದಿರ್ತೀವಿ” ಎಂದು ಬರಮಾಡಿಕೊಂಡರು. ಬಾಳೆಯ ಸಾಲಿನಾಚೆ ನೆಲದಿಂದ ಎದ್ದ ಒಂದು ಬಂಡೆ ತೋರಿಸಿದರು. ಅದರ ಮೇಲೆ ಮುಕ್ಕಾಲಿ ನಿಲ್ಲಿಸಿದರೆ ಅಲ್ಲಾಡುವ ಮಾತಿಲ್ಲ. ಆದರೆ ಧ್ರುವ? ಅಟ್ಟಣೆಯ ಏಣಿಯೇ ಅಡ್ಡ. ಮೂರು ಸಲ ಜಾಗ ಬದಲಾಯಿಸಿದೆ. ಕೊನೆಗೆ ಯಜಮಾನರು ಏನೂ ಮಾತಾಡದೆ ಏಣಿಯನ್ನೇ ಎತ್ತಿ ಪಕ್ಕಕ್ಕಿಟ್ಟರು. ಅದು ಇದ್ದ ಜಾಗದಲ್ಲಿ, ಹುಣಿಸೆಮರದ ನೆತ್ತಿಗೆ ಕೊಂಚ ಮೇಲೆ, ಧ್ರುವ ಸುಮ್ಮನೆ ಕೂತಿದ್ದ.

ಕತ್ತಲೆ ಎಂದರೆ ಏನೆಂದು ಪಟ್ಟಣದವರಾದ ನಮಗೆ ಮರೆತೇಹೋಗಿದೆ. ಒಂಬತ್ತರ ಹೊತ್ತಿಗೆ ನನ್ನ ಕೈ ನನಗೆ ಕಾಣಲಿಲ್ಲ. ಹತ್ತಕ್ಕೆ ಕಾಣತೊಡಗಿತು, ಬರೀ ನಕ್ಷತ್ರದ ಬೆಳಕಿನಲ್ಲಿ. ನೈಋತ್ಯಕ್ಕೆ ಅಗಸ್ತ್ಯ ಉರಿಯುತ್ತಿದ್ದ. ನಡುರಾತ್ರಿ ಕಳೆದಂತೆ ಮೃಗಶಿರದ ಬೇಟೆಗಾರ ಪಶ್ಚಿಮಕ್ಕೆ ಒರಗಿದ, ದಕ್ಷಿಣದ ಕಾಡಿನ ಮೇಲೆ ತ್ರಿಶಂಕು ನೆಟ್ಟಗೆ ನಿಂತ. ಬೆನ್ನ ಹಿಂದಿನ ಊರಿನಿಂದ ಶನಿಮಹಾತ್ಮೆ ನಾಟಕದ ಹಾರ್ಮೋನಿಯಂ ಗಾಳಿಯಲ್ಲಿ ತೇಲಿ ಬರುತ್ತಿತ್ತು. ವಿಕ್ರಮರಾಯನ ಕಷ್ಟಕ್ಕೆ ಯಾರೋ ಮೈಕಿನಲ್ಲಿ ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

“ಅದ್ಯಾವ ಕಡೆ ಐತೆ ನಿಮ್ಮದು?” ಎಂದು ಯಜಮಾನರು ಕೇಳಿದರು. ಚಿತ್ತೆಯನ್ನು ತೋರಿಸಿದೆ. “ಚಿತ್ತೆ ಮಳೆ ಚಿತ್ತೆಯಾ?” ಎಂದರು. ಅದೇ ಎಂದೆ. ಅವರು ಬಹಳ ಹೊತ್ತು ನೋಡಿದರು. ಅಶ್ವಿನಿಯಿಂದ ಹಿಡಿದು ಮಳೆ ನಕ್ಷತ್ರಗಳೆಲ್ಲ ಅವರ ಬಾಯಲ್ಲಿವೆ; ಯಾವ ಮಳೆಗೆ ಏನು ಬಿತ್ತಬೇಕು, ಯಾವುದು ಕೈಕೊಟ್ಟರೆ ಏನು ಗತಿ ಎಲ್ಲ ಗೊತ್ತು. ಆದರೆ ಚಿತ್ತೆ ಎಂಬುದು ಆಕಾಶದಲ್ಲಿ ಬೆರಳಿಟ್ಟು ತೋರಿಸಬಹುದಾದ ಒಂದು ಚುಕ್ಕಿ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಮಳೆ ಬರುವ ಅಕ್ಟೋಬರಿನಲ್ಲಿ ಸೂರ್ಯ ಅದರ ಹತ್ತಿರವೇ ಇರುತ್ತಾನಾದ್ದರಿಂದ ಆ ದಿನಗಳಲ್ಲಿ ಅದು ಕಾಣುವುದೂ ಇಲ್ಲ. ಹೆಸರು ಕೇಳಿ ಗೊತ್ತಿದ್ದ ನೆಂಟನ ಮುಖ ಮೊದಲ ಬಾರಿ ನೋಡಿದಂತೆ ಅವರು ನಿಂತೇ ಇದ್ದರು.

ಎರಡು ಗಂಟೆಗೆ ಕೆಲಸ ಶುರು. ಮೊದಲು ಒಮೇಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ ಹಿಡಿದೆ. ಅದು ಬರಿಗಣ್ಣಿಗೇ ಮಸುಕು ಚುಕ್ಕಿಯಾಗಿ ಕಾಣುತ್ತದೆ. ಲಕ್ಷಾಂತರ ನಕ್ಷತ್ರಗಳು, ಕಲ್ಲಿನ ಮೇಲೆ ರವೆ ಚೆಲ್ಲಿದ ಹಾಗೆ. ಅಲ್ಲಿಂದ ನಾಲ್ಕೂವರೆ ಡಿಗ್ರಿ ಮೇಲಕ್ಕೆ ಸರಿಸಿದರೆ ನಮ್ಮ ಗೆಲಾಕ್ಸಿ. ಕಣ್ಣಿಟ್ಟು ನೋಡಿದರೆ ಕನ್ನಡಿಯ ಮೇಲೆ ಯಾರೋ ಉಸಿರು ಬಿಟ್ಟಂಥ ಒಂದು ಮಬ್ಬು, ಅಷ್ಟೇ. ಯಜಮಾನರೂ ನೋಡಿದರು. “ಇದಕ್ಕೋಸ್ಕರ ಅಷ್ಟು ದೂರದಿಂದ ಬಂದ್ರಾ?” ಎಂಬ ಪ್ರಶ್ನೆ ಅವರ ಬಾಯಿಗೆ ಬಂದು, ಮರ್ಯಾದೆಗೆ ಒಳಗೇ ಉಳಿಯಿತು.

ಕ್ಯಾಮೆರಾ ನಲವತ್ತು ಸೆಕೆಂಡಿಗೊಂದು ಚಿತ್ರ ತೆಗೆಯತೊಡಗಿತು. ಮೊದಲ ಚಿತ್ರ ಪರದೆಯ ಮೇಲೆ ಬಂದಾಗ ನಾನು ಉಸಿರು ಹಿಡಿದೆ. ಕಣ್ಣಿಗೆ ಮಬ್ಬಾಗಿದ್ದದ್ದು ಅಲ್ಲಿ ಗುಂಡಗಿನ ಬೆಳಕಿನ ಉಂಡೆ. ಅದರ ನಡುವೆ ಅಡ್ಡಲಾಗಿ, ಹರಕುಮುರುಕಾಗಿ, ಒಂದು ಕಪ್ಪು ಪಟ್ಟಿ. ಅದು ಧೂಳು. ಹಿಂದೆಂದೋ ಒಂದು ಸುರುಳಿ ಗೆಲಾಕ್ಸಿ ಬಂದು ಈ ದೊಡ್ಡದಕ್ಕೆ ಡಿಕ್ಕಿ ಹೊಡೆಯಿತು, ಇದು ಅದನ್ನು ನುಂಗಿತು, ನುಂಗಿದ್ದು ಇನ್ನೂ ಅರಗಿಲ್ಲ. ನಡುವೆ ಐದು ಕೋಟಿಗೂ ಹೆಚ್ಚು ಸೂರ್ಯರ ತೂಕದ ಕಪ್ಪುರಂಧ್ರವಿದೆ. ಈ ದಿಕ್ಕಿನಿಂದ ಬರುವ ರೇಡಿಯೊ ಅಲೆಗಳ ಮೂಲ ಈ ಗೆಲಾಕ್ಸಿಯೇ ಎಂದು ಆಸ್ಟ್ರೇಲಿಯಾದ ಸಂಶೋಧಕರು 1949ರಲ್ಲಿ ಗುರುತಿಸಿದರು. ನನ್ನಂಥವರಿಗೆ ಇನ್ನೂ ಪ್ರಿಯವಾದದ್ದು 1986ರ ಕಥೆ: ಆಗ ಈ ಕಪ್ಪು ಪಟ್ಟಿಯಲ್ಲಿ ಸಿಡಿದ ನಕ್ಷತ್ರವನ್ನು ಎಲ್ಲರಿಗಿಂತ ಮೊದಲು ಕಂಡವರು ರಾಬರ್ಟ್ ಇವಾನ್ಸ್, ವೃತ್ತಿಯಿಂದ ಪಾದ್ರಿ, ಹವ್ಯಾಸದಿಂದ ವೀಕ್ಷಕ. ಗೆಲಾಕ್ಸಿಗಳ ಅಕ್ಕಪಕ್ಕದ ಚುಕ್ಕಿಗಳನ್ನೆಲ್ಲ ನೆನಪಿನಲ್ಲೇ ಇಟ್ಟುಕೊಂಡು, ಹೊಸದೊಂದು ಸೇರಿದರೆ ಕಣ್ಣಲ್ಲೇ ಹಿಡಿಯುತ್ತಿದ್ದ ಪುಣ್ಯಾತ್ಮ.

ಈ ಬೆಳಕು ಹೊರಟಾಗ ಮನುಷ್ಯ ಇರಲಿಲ್ಲ. ಶಿವಾಲಿಕ್ ಬೆಟ್ಟಗಳ ಕಡೆ ಶಿವಪಿಥೆಕಸ್ ಎಂಬ ವಾನರ ಓಡಾಡುತ್ತಿತ್ತು. ಇದನ್ನೇ ಅಕ್ಕನ ಮಗನಿಗೆ ಭಾಷಣದಂತೆ ಹೇಳುತ್ತಿದ್ದವನಿಗೆ ಕಾಲ ಕೆಳಗಿನ ಬಂಡೆ ನೆನಪಾಗಿ ನಾಲಿಗೆ ಕಚ್ಚಿಕೊಂಡೆ. ಕರ್ನಾಟಕದ ಅತಿ ಹಳೆಯ ಶಿಲೆಗಳಲ್ಲಿ ಕೆಲವಕ್ಕೆ ಭೂವಿಜ್ಞಾನಿಗಳು ಇಟ್ಟಿರುವ ಹೆಸರೇ ಸರಗೂರು ಸಮೂಹ. ವಯಸ್ಸು 300 ಕೋಟಿ ವರ್ಷದ ಮೇಲೆ. ಅಂಥ ಶಿಲೆಯ ಆಯಸ್ಸನ್ನು ಒಂದು ಹಗಲು ರಾತ್ರಿ ಎಂದುಕೊಂಡರೆ, ನಾನು ಪುರಾತನ ಎಂದು ಬಣ್ಣಿಸುತ್ತಿದ್ದ ಬೆಳಕಿನ ಇಡೀ ಪಯಣ ಆರು ನಿಮಿಷಕ್ಕಿಂತ ಕಡಿಮೆ. ಮುಕ್ಕಾಲಿ ಊರಿದ ಸೀಮೆಯೇ ಆಕಾಶದ ಆ ಸುದ್ದಿಗಿಂತ ಎಷ್ಟೋ ಹಳೆಯದು. ಬಗ್ಗಿ ಬಂಡೆ ಮುಟ್ಟಿದೆ. ಹಗಲಿನ ಬಿಸಿ ಇನ್ನೂ ಉಳಿದಿತ್ತು.

ಮೂರು ಗಂಟೆ ಸುಮಾರಿಗೆ ಯಜಮಾನರು ಸಟಕ್ಕನೆ ತಲೆ ಎತ್ತಿದರು. ನಮಗೆ ಏನೂ ಕೇಳಿಸಿರಲಿಲ್ಲ. ಆಮೇಲೆ ಕೇಳಿಸಿತು: ಕಾಡಿನ ಕಡೆ ಒಂದು ಬಿದಿರು ಮುರಿದ ಸದ್ದು, ಮತ್ತೆ ಮೌನ, ಮತ್ತೊಂದು ಮುರಿತ. ನಾನು ನನ್ನ ದೀಪಕ್ಕೆಲ್ಲ ಕೆಂಪು ಜಿಲೆಟಿನ್ ಕಾಗದ ಸುತ್ತಿ, ಬಿಳಿ ಬೆಳಕು ಬಿಡಬೇಡಿ ಎಂದು ಸಂಜೆಯಿಂದ ಬೇಡಿಕೊಂಡಿದ್ದೆ. ಅವರು ಪಾಪ, ಆರು ಗಂಟೆ ಹೊತ್ತು ಬೀಡಿಯನ್ನೂ ಅಂಗೈ ಮರೆಯಲ್ಲೇ ಸೇದಿದ್ದರು. ಈಗ ಏಣಿಯಿಲ್ಲದ ಅಟ್ಟಣೆಯ ಕಂಬ ಹಿಡಿದು ಸರಸರ ಹತ್ತಿ ತಮ್ಮ ದೊಡ್ಡ ಬ್ಯಾಟ್ರಿ ಹಾಕಿದರು. ಬಾಳೆ ಎಲೆ, ಬಂಡೆ, ದೂರದರ್ಶಕ, ನಾವು, ಎಲ್ಲ ಬೆಳ್ಳಗಾದೆವು. ತಗಡು ಬಡಿದು ಅವರು ಹಾಕಿದ ಕೂಗಿಗೆ ಊರ ಕಡೆಯ ನಾಯಿಗಳೆಲ್ಲ ಎದ್ದವು. ಸುಮಾರು ಹತ್ತು ನಿಮಿಷ. ಆನೆಯ ಮೈ ನಮಗೆ ಕಾಣಲೇ ಇಲ್ಲ. ಮುರಿಯುವ ಸದ್ದು ಮಾತ್ರ ಮೆಲ್ಲಗೆ ದೂರವಾಯಿತು. ಕ್ಯಾಮೆರಾ ಇದರ ಗೊಡವೆಯಿಲ್ಲದೆ ಟಿಕ್ ಎನ್ನುತ್ತಲೇ ಇತ್ತು.

ಕೊನೆಗೆ ದೂರದರ್ಶಕದ ಮುಚ್ಚಳ ಹಾಕಿ ಇಪ್ಪತ್ತು ಕಪ್ಪು ಚಿತ್ರ ತೆಗೆದೆ. ಕ್ಯಾಮೆರಾ ತನ್ನ ಬಿಸಿಯಿಂದಲೇ ಹುಟ್ಟಿಸುವ ಸುಳ್ಳು ಚುಕ್ಕಿಗಳನ್ನು ಆಮೇಲೆ ಕಳೆಯಲು ಅವು ಬೇಕು. “ಮುಚ್ಚಳ ಹಾಕ್ಕಂಡು ಫೋಟೊ ತೆಗೆಯೋರ್ನ ಇವತ್ತೇ ನೋಡಿದ್ದು” ಎಂದರು ಯಜಮಾನರು. ಐದೂವರೆಗೆ ಪೂರ್ವದಲ್ಲಿ ಬೆಳ್ಳಿ ಮೂಡಿತು. ಊರಿನಲ್ಲಿ ವಿಕ್ರಮರಾಯನಿಗೆ ರಾಜ್ಯ ವಾಪಸ್ ಸಿಕ್ಕಿ ಮಂಗಳಾರತಿ ಆಗುತ್ತಿತ್ತು.

ಮನೆಗೆ ಬಂದು ಲೆಕ್ಕ ಹಾಕಿದರೆ 96 ಚಿತ್ರ. ಅದರಲ್ಲಿ 14 ಬ್ಯಾಟ್ರಿ ಬೆಳಕಿಗೆ ಹಾಳು. ಉಳಿದ 82ನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿದೆ. ನಿಜವಾದ ಬೆಳಕು ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿರುತ್ತದೆ, ಗದ್ದಲ ಮಾತ್ರ ಜಾಗ ಬದಲಿಸುತ್ತದೆ. ಪೇರಿಸಿದಷ್ಟೂ ಗದ್ದಲ ತಗ್ಗುತ್ತದೆ: 82 ಚಿತ್ರಕ್ಕೆ ಸುಮಾರು ಒಂಬತ್ತು ಪಾಲು. ಐವತ್ತೈದು ನಿಮಿಷ ತೊಟ್ಟು ತೊಟ್ಟಾಗಿ ಕೂಡಿದ ಬೆಳಕು ಕೊನೆಗೆ ಹಾಲಿನ ಬಣ್ಣದ ಗೋಳವಾಗಿ, ನಡುವಿನ ಕಪ್ಪಿನ ಅಂಚಿಗೆ ಕಂದು ಎಳೆಗಳಾಗಿ ಬಿಚ್ಚಿಕೊಂಡಿತು. ದೊಡ್ಡ ವೀಕ್ಷಣಾಲಯಗಳ ಚಿತ್ರದ ಮುಂದೆ ಇದು ಏನೂ ಅಲ್ಲ. ನಾನು ಮಾತ್ರ ಅವತ್ತು ರಾತ್ರಿ ಊಟ ಮರೆತೆ.

ಯುಗಾದಿಗೆ ಮುಂಚೆ ಒಂದು ಪ್ರತಿ ಹಾಕಿಸಿಕೊಂಡು ಕೋಟೆಗೆ ಹೋದೆ. ಯಜಮಾನರು ಅಟ್ಟಣೆಯ ನೆರಳಲ್ಲಿ ಕೂತು, ಕನ್ನಡಕ ಏರಿಸಿ, ತಿರುಗಿಸಿ ತಿರುಗಿಸಿ ನೋಡಿದರು. “ಮಗೀಗೆ ಉಡಿದಾರ ಕಟ್ಟಿದಂಗೈತೆ” ಎಂದರು. ಆಮೇಲೆ ಚಿತ್ರದ ಮೂಲೆ ಮೂಲೆಯಲ್ಲಿ ಬೆರಳಾಡಿಸಿ, “ನಾ ಬ್ಯಾಟ್ರಿ ಬಿಟ್ಟಿದ್ದು ಇದ್ರಾಗೆ ಎಲ್ಲಿ?” ಎಂದು ಕೇಳಿದರು.

ಅವನ್ನೆಲ್ಲ ತೆಗೆದುಹಾಕಿದೆವು ಎಂದೆ.

“ಅದ್ನೂ ಹಾಕ್ಬೇಕಿತ್ತು” ಎಂದರು.