ಹಳೆಯ ಯಂತ್ರ ಕಲಿಸಿದ್ದು

ಮನೆಯಲ್ಲಿ ಒಂದು ವಸ್ತು ಕೆಟ್ಟು ನಿಂತರೆ ಇಂದು ನಮ್ಮ ಬಾಯಿಂದ ಬರುವ ಮೊದಲ ಮಾತು, "ಗುಜರಿಗೆ ಹಾಕಿ, ಹೊಸದು ತನ್ನಿ" ಎಂಬುದು. ಕೊಡೆ ರಿಪೇರಿ ಮಾಡುವವರೂ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವರೂ ಬೀದಿ ಬೀದಿ ಸುತ್ತುತ್ತಿದ್ದ ಕಾಲದಲ್ಲಿ, ಕೆಟ್ಟದ್ದನ್ನು ಸರಿಪಡಿಸಿಕೊಳ್ಳುವುದು ಬಾಳಿನ ಸಹಜ ಕ್ರಮವಾಗಿತ್ತು. ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ 'ಲೌದಾತೊ ಸಿ' ವಿಶ್ವಪರಿಪತ್ರದಲ್ಲಿ ಬಿಸಾಡುವ ಸಂಸ್ಕೃತಿಯ ಬಗ್ಗೆ ನಮ್ಮನ್ನು ಎಚ್ಚರಿಸಿದರು. ವಸ್ತುವೊಂದನ್ನು ಎಸೆಯದೆ ಮತ್ತೆ ಬಳಸುವುದು ಕೂಡ ಪ್ರೀತಿಯ ಕಾರ್ಯವಾಗಬಲ್ಲದೆಂದು ತಿಳಿಸಿದರು. ಆ ಮಾತಿನ ಆಳ ನನಗೆ ತಿಳಿದದ್ದು, ಒಂದು ಹಳೆಯ ಕಾಫಿ ಯಂತ್ರವನ್ನು ಬಿಚ್ಚಿ, ಶುಚಿಗೊಳಿಸಿ, ಮತ್ತೆ ಜೋಡಿಸಿದಾಗ.

ಯಂತ್ರ ನನ್ನ ಅಕ್ಕನದು. ಅವಳು ರೋಮ್ ನಗರದ ಒಂದು ಮನೆಯಲ್ಲಿ 19 ವರ್ಷ ವೃದ್ಧೆಯೊಬ್ಬರ ಆರೈಕೆ ಮಾಡಿಕೊಂಡಿದ್ದವಳು. 2021ರಲ್ಲಿ ಆ ತಾಯಿ ದೈವಾಧೀನರಾದ ಮೇಲೆ ಅವರ ಮಕ್ಕಳು, ನೆನಪಿಗೆಂದು, ಅಡುಗೆಮನೆಯಲ್ಲಿದ್ದ ಎಸ್ಪ್ರೆಸೊ ಯಂತ್ರವನ್ನು ಅಕ್ಕನಿಗೆ ಕೊಟ್ಟರು. ಚಿಕ್ಕಮಗಳೂರಿನ ನಮ್ಮ ಮನೆಗೆ ಬರುವ ಹೊತ್ತಿಗಾಗಲೇ ಅದು ನಿಂತುಹೋಗಿತ್ತು. ಅಕ್ಕ ಅದನ್ನು ಅಟ್ಟಕ್ಕೆ ಹಾಕಿಬಿಟ್ಟಳು. ತನ್ನ 19 ವರ್ಷಗಳನ್ನೂ ಅದರೊಡನೆ ಅಟ್ಟಕ್ಕೇರಿಸಿದಳೋ ಎಂಬಂತೆ, ಯಾರು ಏನು ಕೇಳಿದರೂ "ಚೆನ್ನಾಗಿತ್ತು" ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು.

ನಮ್ಮ ಫಿಲ್ಟರ್‌ನಲ್ಲಿ ಡಿಕಾಕ್ಷನ್ ತಾನಾಗಿಯೇ ತೊಟ್ಟಿಕ್ಕುತ್ತದೆ. ಎಸ್ಪ್ರೆಸೊ ಹಾಗಲ್ಲ, ಅಲ್ಲಿ ಬಿಸಿನೀರನ್ನು ಒತ್ತಡದಿಂದ ಕಾಫಿಪುಡಿಯ ಮೂಲಕ ಹಾಯಿಸಬೇಕು. ಇಟಲಿಯ ತೂರಿನ್ ನಗರದ ಆಂಜೆಲೊ ಮೊರಿಯೊಂದೊ 1884ರಲ್ಲಿಯೂ, ಮಿಲಾನಿನ ಲುಯಿಜಿ ಬೆಜ್ಜೆರಾ 1901ರಲ್ಲಿಯೂ ಹಬೆಯ ಬಲದ ಯಂತ್ರಗಳಿಗೆ ಹಕ್ಕುಪತ್ರ ಪಡೆದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ಅಕಿಲ್ಲೆ ಗಾಜಿಯಾ ಎಂಬವರು ಹಿಡಿಕೆ ಮತ್ತು ಪಿಸ್ಟನ್ ಇರುವ ಯಂತ್ರವನ್ನು ರೂಪಿಸಿದರು. ಅಂದಿನಿಂದ ಕಾಫಿಯ ಮೇಲೆ ಹೊಂಬಣ್ಣದ ನೊರೆಯ ಪದರ ಮೂಡತೊಡಗಿತು. ಅಕ್ಕನ ಯಂತ್ರವೂ ಹಿಡಿಕೆಯದೇ. ಹಿಡಿಕೆಯನ್ನು ಮೇಲೆತ್ತಿದರೆ ನೀರು ಪುಡಿಯ ಮೇಲಕ್ಕೆ ಬರುತ್ತದೆ. ಕೆಲವು ಕ್ಷಣ ತಡೆದು ಕೆಳಗೊತ್ತಿದರೆ ಪುಟ್ಟ ಬಟ್ಟಲಿನಷ್ಟು ಕಾಫಿ ಇಳಿಯುತ್ತದೆ. ಒತ್ತಡ ಹುಟ್ಟುವುದು ಮನುಷ್ಯನ ತೋಳಿನಿಂದ. ನಮ್ಮ ದೇಶದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶಗಳ ಸಾಲಿನಲ್ಲಿ ಇಟಲಿ ಮುಂದಿದೆ. ಆದ್ದರಿಂದ ಕಾಫಿಯ ನಾಡಿಗೆ ಈ ಯಂತ್ರ ತೀರ ಪರಕೀಯವೇನಲ್ಲ.

ಪೇಟೆಯ ರಿಪೇರಿ ಅಂಗಡಿಯಲ್ಲಿ, ಇದರ ಬಿಡಿಭಾಗಗಳು ಇಲ್ಲಿ ಸಿಗುವುದಿಲ್ಲವೆಂದರು. ಹಾಗಾಗಿ ನಾನೇ ಕೈಹಾಕಿದೆ. ಮೊದಲಿಗೆ, ವಿದ್ಯುತ್ ಸಂಪರ್ಕವಿಲ್ಲದೆ ಇರುವಾಗಲೇ, ಕಾಯಿಸುವ ಸುರುಳಿಯನ್ನು ಮೀಟರಿನಿಂದ ಪರೀಕ್ಷಿಸಿದೆ. 1000 ವ್ಯಾಟ್‌ನ ಸುರುಳಿಗೆ 230 ವೋಲ್ಟ್‌ನಲ್ಲಿ ಸುಮಾರು 53 ಓಮ್ ರೋಧ ಇರಬೇಕು, ಇತ್ತು. ಒಂದೇ ಸಾಲಿನಲ್ಲಿ ಮೂರು ಕಡ್ಡಿಗಳಿರುವ ಇಟಲಿಯ ಪ್ಲಗ್ಗನ್ನು ತೆಗೆಸಿ ನಮ್ಮದನ್ನು ಹಾಕಿಸಿ, ಅರ್ತಿಂಗ್ ಸರಿಯಿದೆಯೇ ಎಂದು ಪರಿಣತ ಎಲೆಕ್ಟ್ರಿಷಿಯನ್ ಒಬ್ಬರಿಂದ ನೋಡಿಸಿದೆ. ಹಬೆ ಮಿತಿಮೀರಿದಾಗ ಹೊರಬಿಡುವ ಸುರಕ್ಷಾ ಕವಾಟವನ್ನು ಬಿಚ್ಚಿ ಶುಚಿಮಾಡಿದೆ. ಹಬೆಯ ಪಾತ್ರೆಯೊಡನೆ ವ್ಯವಹರಿಸುವವರು ಆ ಕವಾಟದ ವಿಷಯದಲ್ಲಿ ಎಂದೂ ಉದಾಸೀನರಾಗಬಾರದು.

ಹಿತ್ತಾಳೆಯ ಬಾಯ್ಲರ್ ತೆರೆದಾಗ ಒಳಗೆಲ್ಲ ಬಿಳಿಯ ಕಲ್ಲು ಕಂಡಿತು. ರೋಮ್ ನಗರದ ನೀರು ಗಡಸು. ಕಾದಾಗಲೆಲ್ಲ ಅದರಲ್ಲಿನ ಸುಣ್ಣದ ಅಂಶ ಪಾತ್ರೆಗೆ ಅಂಟಿಕೊಳ್ಳುತ್ತದೆ. ಕಣ್ಣಿಗೆ ತಿಳಿಯಾಗಿ ಕಾಣುವ ನೀರು ದಿನಕ್ಕೆ ಒಂದಿಷ್ಟೇ ಇಷ್ಟು ಬಿಟ್ಟುಹೋದದ್ದು, ವರ್ಷಗಳು ಕಳೆದ ಮೇಲೆ ದಾರಿಯನ್ನೇ ಮುಚ್ಚಿತ್ತು. ಸುತ್ತಿಗೆ, ಉಳಿ ಹಿಡಿದು ಹೊರಟರೆ ಪಾತ್ರೆಯೇ ಹಾಳು. ಸಿಟ್ರಿಕ್ ಆಮ್ಲದ ಹರಳನ್ನು ಬಿಸಿನೀರಿನಲ್ಲಿ ಕರಗಿಸಿ ತುಂಬಿದೆ. ನೀರು ಸಣ್ಣಗೆ ನೊರೆಯೆದ್ದಿತು. ಅರ್ಧ ಗಂಟೆಗೊಮ್ಮೆ ಚೆಲ್ಲಿ, ತೊಳೆದು, ಮತ್ತೆ ತುಂಬಿದೆ. ಬಹಳ ಹೊತ್ತು ಬಿಡುವಂತೆಯೂ ಇಲ್ಲ. ಬಿಟ್ಟರೆ ಆಮ್ಲ ಹಿತ್ತಾಳೆಯನ್ನೇ ತಿಂದು ಲೋಹ ಕೆಂಪೇರುತ್ತದೆ. ಕುಟುಂಬಗಳಲ್ಲಿ ಮನಸ್ಸುಗಳು ಕಲ್ಲಾಗುವುದೂ ಒಂದೇ ದಿನದಲ್ಲಲ್ಲ. ಯೆಜೆಕಿಯೇಲ ಪ್ರವಾದಿಯ ಗ್ರಂಥದ 36ನೆಯ ಅಧ್ಯಾಯದಲ್ಲಿ ದೇವರು ಕಲ್ಲಾದ ಹೃದಯವನ್ನು ತೆಗೆಯುವ ಭರವಸೆ ನೀಡುತ್ತಾರೆ. ಆ ದೈವೀಕಾರ್ಯಕ್ಕೆ ನಮ್ಮನ್ನು ಒಪ್ಪಿಸಿಕೊಡಲೆಂದೇ ಪಾಪನಿವೇದನೆಯ ಸಂಸ್ಕಾರಕ್ಕೆ ಮತ್ತೆ ಮತ್ತೆ ಹೋಗುತ್ತೇವೆ. ತಿದ್ದುವವರಿಗೂ ಇಲ್ಲಿ ಒಂದು ಪಾಠವಿದೆ: ಮೃದುವಾಗಿ ತಿದ್ದಬೇಕು, ನಿಲ್ಲಿಸುವ ಹೊತ್ತನ್ನೂ ಅರಿತಿರಬೇಕು.

ಸುಣ್ಣವೇನೋ ಕರಗಿತು, ಪಿಸ್ಟನ್ನಿನ ಸುತ್ತಲಿನ ರಬ್ಬರ್ ಉಂಗುರಗಳು ಮಾತ್ರ ಬೇರೆಯೇ ಕಥೆ ಹೇಳಿದವು. ಬಿಸಿಯಲ್ಲಿ ಬೆಂದು ಬೆಂದು ಅವು ಒಣಗಿ ಬಿರಿದಿದ್ದವು. ರಬ್ಬರನ್ನು ಎಷ್ಟು ತೊಳೆದರೂ ಅದರ ಮೆದುತನ ಮರಳದು. ಅದು ತನ್ನ ಸೇವೆಯನ್ನು ಮುಗಿಸಿದೆ ಅಷ್ಟೆ. ಹೊಸ ಉಂಗುರಗಳು ಇಟಲಿಯಿಂದ ಅಂಚೆಯಲ್ಲಿ ಬಂದವು. ಹಳೆಯವನ್ನು ನಾನು ದೂಷಿಸಲಿಲ್ಲ. ನಮ್ಮ ಬಾಳಿನಲ್ಲಿಯೂ ಒಂದು ಕಾಲಕ್ಕೆ ಸೊಗಸಾಗಿ ನಡೆದ ಕೆಲವು ಪದ್ಧತಿಗಳಿವೆ. ಅವುಗಳನ್ನು ಕೃತಜ್ಞತೆಯಿಂದ ಬೀಳ್ಕೊಟ್ಟು ಬೇರೆಯವಕ್ಕೆ ಎಡೆಮಾಡಿಕೊಡಬೇಕಾಗುತ್ತದೆ.

ಕೊನೆಗೆ ಉಳಿದದ್ದು ಹೊರಮೈ. ಯಂತ್ರದ ತಳದ ಅಂಚಿನಲ್ಲಿ ಹೆಬ್ಬೆರಳಿನಗಲ ತಗ್ಗೊಂದಿತ್ತು; ಸುತ್ತ ಕ್ರೋಮ್ ಲೇಪ ಗೀಚಿಹೋಗಿತ್ತು. ಅದನ್ನು ಒಳಗಿನಿಂದ ತಟ್ಟಿ, ಉಜ್ಜಿ ಸಮಮಾಡುವ ಸಿದ್ಧತೆಯಲ್ಲಿದ್ದಾಗ ಅಕ್ಕ ಬಂದು ಪಕ್ಕದಲ್ಲಿ ಕುಳಿತಳು. "ಅದೊಂದನ್ನು ಮುಟ್ಟಬೇಡ, ತಮ್ಮಾ" ಎಂದಳು. ಆಮೇಲೆ ತಾನಾಗಿಯೇ ಮಾತಾಡಿದಳು.

2020ರಲ್ಲಿ ಕೊರೋನಾ ಹರಡಿ ವಿಮಾನ ಸಂಚಾರ ನಿಂತಿದ್ದ ದಿನಗಳಲ್ಲಿ ನಮ್ಮ ಅಮ್ಮ ಪ್ರಭುವಿನಲ್ಲಿ ನಿದ್ರಿಸಿದರು. ಇನ್ನೊಬ್ಬರ ತಾಯಿಯನ್ನು ಅಷ್ಟು ವರ್ಷ ಎತ್ತಿ, ಉಣಿಸಿ ಮಲಗಿಸಿದ ಅಕ್ಕನಿಗೆ ಹೆತ್ತ ತಾಯಿಯ ಸಮಾಧಿಗೆ ಒಂದು ಹಿಡಿ ಮಣ್ಣು ಹಾಕಲಾಗಲಿಲ್ಲ. ಅಂತ್ಯಕ್ರಿಯೆಯನ್ನು ಅವಳು ಮೊಬೈಲಿನಲ್ಲಿ ನೋಡಿದಳು. ಅದು ಮುಗಿದ ಮೇಲೆ, ಆ ಮನೆಯ ತಾಯಿಗೆ ಕಾಫಿ ಮಾಡಲೆಂದು ಯಂತ್ರವನ್ನು ಎತ್ತಿಕೊಂಡಾಗ ಕೈ ನಡುಗಿ ಅದು ನೆಲಕ್ಕೆ ಬಿದ್ದಿತು. ಅಕ್ಕ ಅಲ್ಲಿಯೇ ಕುಸಿದು ಕುಳಿತಳು. ಆ ವೃದ್ಧೆಗೆ ಮರೆವಿನ ರೋಗ. ಸ್ವಂತ ಮಕ್ಕಳ ಹೆಸರೂ ನೆನಪಿರಲಿಲ್ಲ. ಅವರು ಗೋಡೆ ಹಿಡಿದು ಬಂದು, ಅಕ್ಕನ ತಲೆ ಸವರಿದರು. ಅವಳು ಎದ್ದು ಯಂತ್ರವನ್ನು ಮೇಜಿನ ಮೇಲಿಟ್ಟು ನೀರು ಕಾಯಿಸಿದಾಗ, ತಾವೇ ಹಿಡಿಕೆಯನ್ನು ಎತ್ತಿ, ತಡೆದು, ಒತ್ತಿದರು. ಮನಸ್ಸು ಮರೆತದ್ದನ್ನು ಕೈ ಮರೆತಿರಲಿಲ್ಲ. ಆ ಬಟ್ಟಲನ್ನು ಅವರು ಕುಡಿಯಲಿಲ್ಲ, ಅಕ್ಕನ ಕೈಗಿತ್ತರು. "ಆ ದಿನ ನನಗೊಬ್ಬಳು ಅಮ್ಮ ಇದ್ದಳು" ಎಂದಳು ಅಕ್ಕ.

ಪುನರುತ್ಥಾನರಾದ ಪ್ರಭು ತಮ್ಮ ಗಾಯದ ಗುರುತುಗಳನ್ನು ಅಳಿಸಿಕೊಂಡು ಬರಲಿಲ್ಲವೆಂಬುದನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಮೃತ್ಯುವನ್ನು ಗೆದ್ದ ದೇಹದಲ್ಲಿಯೂ ಮೊಳೆಯ ಗುರುತುಗಳಿದ್ದವು. ಸಂತ ತೋಮರು ತಮ್ಮ ಪ್ರಭುವನ್ನು ಅರಿತುಕೊಂಡದ್ದು ಅವುಗಳ ಮುಂದೆಯೇ. ಕರಗಿಸಬೇಕಾದದ್ದು ಒಂದು, ಬದಲಿಸಬೇಕಾದದ್ದು ಮತ್ತೊಂದು, ಹಾಗೆಯೇ ಬಿಟ್ಟು ಗೌರವಿಸಬೇಕಾದದ್ದು ಇನ್ನೊಂದು. ಈ ಮೂರನ್ನು ಬೇರ್ಪಡಿಸಿ ನೋಡುವ ವಿವೇಕವನ್ನೇ ನಾವು ಪವಿತ್ರಾತ್ಮರಲ್ಲಿ ಬೇಡಿಕೊಳ್ಳಬೇಕು. ನಮ್ಮ ಮನೆಗಳ ಹಿರಿಯರಲ್ಲಿ, ದೂರದಲ್ಲಿ ದುಡಿದು ಮರಳಿದವರಲ್ಲಿ ಇಂಥ ಗುರುತುಗಳು ಬೇಕಾದಷ್ಟಿವೆ. ಅವುಗಳನ್ನು ಉಜ್ಜಿ ಅಳಿಸಲು ಹೊರಡದೆ, ಪಕ್ಕದಲ್ಲಿ ಕುಳಿತು ಕೇಳುವಷ್ಟು ತಾಳ್ಮೆ ನಮಗಿರಲಿ.