ಕನ್ನಡ ಬಿಟ್ಟೆವು

ನಾಸಿಕ್ ರೋಡಿನ ಇಂಡಿಯಾ ಸೆಕ್ಯುರಿಟಿ ಪ್ರೆಸ್ಸಿನ ಗೋಡೆಗುಂಟ ಹೋಗುವಾಗಲೆಲ್ಲ ನನಗೆ ಇನ್‌ಲ್ಯಾಂಡ್ ಪತ್ರದ ನೆನಪು. 1920ರ ದಶಕದವರೆಗೆ ಲಂಡನ್ನಿನಿಂದ ಬರುತ್ತಿದ್ದ ನಮ್ಮ ಅಂಚೆಚೀಟಿಗಳು ಆಮೇಲೆ ಅಚ್ಚಾದದ್ದು ಇಲ್ಲೇ. 1950ರಲ್ಲಿ ಶುರುವಾದ ಇನ್‌ಲ್ಯಾಂಡ್ ಕೂಡ ಇಲ್ಲಿ ಅಚ್ಚಾದದ್ದುಂಟು. ಧಾರವಾಡದ ಕಾಕಾ ಬರೆದದ್ದನ್ನು ಅಪ್ಪ ಎಡಕ್ಕೆ ಹರವಿಕೊಂಡು, ಬಲಕ್ಕೆ ಹೊಸ ಹಾಳೆಯಿಟ್ಟು, ಒಂದೊಂದೇ ಸಂಗತಿಗೆ ಉತ್ತರ ಬರೆದು ಪೆನ್ಸಿಲ್ಲಿನಲ್ಲಿ ರೈಟು ಹಾಕುತ್ತಿದ್ದರು. ಮಡಚುವಾಗ ನೆನಪಾದದ್ದು ಅಂಚಿನ ಪಟ್ಟಿಯಲ್ಲಿ, ಇರುವೆಸಾಲಿನಂತೆ. ಒಡೆಯುವಾಗ ಅಂಟಿನ ಜೊತೆ ಒಂದೆರಡು ಅಕ್ಷರ ಹರಿಯುತ್ತಿದ್ದವು, ಅಷ್ಟೇ ನಷ್ಟ.

ಈಗ ನಾಸಿಕಿನ ನಾವು, ಛತ್ರಪತಿ ಸಂಭಾಜಿನಗರದ ತಮ್ಮ, ಧಾರವಾಡದ ಕಾಕಾ ಎಲ್ಲರೂ ಒಂದೇ ವಾಟ್ಸಾಪ್ ಗ್ರೂಪಿನಲ್ಲಿದ್ದೇವೆ. ಬೆಳಗ್ಗೆ ಕೇಳಿದ್ದಕ್ಕೆ ಸಂಜೆ ಉತ್ತರ. ನಡುವೆ ಮಿಸಳ್ ಫೋಟೋ, ಏಕಾದಶಿಯ ಶುಭಾಶಯ, ಬಿಪಿ ಮಾತ್ರೆಯ ವಿಚಾರ. ಯಾವ ಮಾತಿಗೆ ಉತ್ತರವೋ ಅದನ್ನೇ ಒತ್ತಿ ಹಿಡಿದು ಬರೆಯುವ ಸೌಕರ್ಯ 2016ರಲ್ಲೇ ಬಂದಿದೆ. ಕಾಕಾನ ಪ್ರಕಾರ ಅದು ಹುಡುಗರ ಚಟ.

ಹೋದ ದೀಪಾವಳಿಗೆ ತಮ್ಮ ಚಾಳೀಸಗಾಂವಿಗೆ ಹೊರಟಿದ್ದ. ದಾರಿಯಲ್ಲಿ, ಔಟ್ರಮ್ ಘಾಟಿಗೆ ಮುಂಚೆ, ಕನ್ನಡ ಎಂಬ ತಾಲ್ಲೂಕು ಊರು ಸಿಗುತ್ತದೆ. (ನಿಜವಾಗಿಯೂ ಇದೆ, ಅಲ್ಲಿ ಎಲ್ಲರೂ ಮರಾಠಿ ಮಾತಾಡುತ್ತಾರೆ.) ಅದನ್ನು ದಾಟಿ ಅವನು ಬರೆದ: 'ಕನ್ನಡ ಬಿಟ್ಟೆವು. ಹುಡುಗರಿಗೂ ಈಗ ಆರಾಮ.'

ಕಾಕಾ ನಿವೃತ್ತ ಕನ್ನಡ ಮಾಸ್ತರರು. ಮಧ್ಯಾಹ್ನದ ನಿದ್ದೆ ಮುಗಿಸಿ ಓದಿದರು. ಚಾಳೀಸು ಹುಡುಕಿ, ಒಂದೊಂದೇ ಅಕ್ಷರ ಕುಟ್ಟಿ ಕಳಿಸುವಷ್ಟರಲ್ಲಿ ಪುಣೆಯ ತಂಗಿ ಮೊಮ್ಮಗಳ ಮೊದಲ ಹಲ್ಲಿನ ಫೋಟೋ ಹಾಕಿದ್ದಳು. ಅದರ ಕೆಳಗೆ ಹೋಗಿ ಕೂತಿತು: 'ನಾಚಿಕೆ ಆಗಬೇಕು. ಮನೆತನದ ಹೆಸರು ಕೆಡಿಸಿದಿರಿ.'

ತಂಗಿ ಗ್ರೂಪು ಬಿಟ್ಟಳು. ಯಾಕೆಂದು ಕಾಕಾಗೆ ತಿಳಿಸಲು ಎಲ್ಲರೂ ಸರದಿಯಲ್ಲಿ ಫೋನು ಮಾಡಬೇಕಾಯಿತು. 'ಮೇಲೆ ನೋಡ್ರಿ ಕಾಕಾ' ಅಂದರೆ 'ಮ್ಯಾಲೇನದ, ಫ್ಯಾನ್ ಅದ' ಅನ್ನುತ್ತಿದ್ದರು.

ಅಪ್ಪನ ಕಾಲದ ಪತ್ರಗಳ ಕಟ್ಟು ನನ್ನ ಹತ್ತಿರ ಇದೆ. ಹೊಲದ ಬದುವಿನ ಜಗಳ ಎಲ್ಲಿ ಎದ್ದು ಎಲ್ಲಿ ತಣ್ಣಗಾಯಿತೆಂದು ಈಗಲೂ ಸಾಲಾಗಿ ಓದಬಹುದು. ಅಣ್ಣತಮ್ಮಂದಿರ ಸಿಟ್ಟು ಕೂಡ ಎಷ್ಟು ವ್ಯವಸ್ಥಿತ! ಆ ದೀಪಾವಳಿಯ ಮಾತುಕತೆಯನ್ನು ಮುಂದೆ ಯಾವಾಗಲಾದರೂ ಆ ಕೂಸು ಓದಿದರೆ ತನ್ನ ಹಲ್ಲಿನ ಬಗ್ಗೆ ಏನು ತಿಳಿದೀತೋ.

ಕೊನೆಗೆ ಕಾಕಾ ಮೆತ್ತಗಾದರು. ತಂಗಿಯನ್ನು ಮತ್ತೆ ಸೇರಿಸಿದ ರಾತ್ರಿ ಬರೆದರು: 'ತಪ್ಪು ತಿಳಿವಳಿಕೆಯಿಂದ ಆಗಿಹೋದದ್ದು. ದಯವಿಟ್ಟು ಎಲ್ಲರೂ ಮರೆತುಬಿಡಿ.' ಅಷ್ಟರಲ್ಲಿ ಹುಬ್ಬಳ್ಳಿಯ ಅಕ್ಕ ತನ್ನ ಮದುವೆಯ ಬೆಳ್ಳಿಹಬ್ಬದ ಫೋಟೋ ಹಾಕಿದ್ದಳು. ಕಾಕಾನ ಮಾತಿಗೆ ಮೊದಲ ಹೆಬ್ಬೆರಳು ಎತ್ತಿದವರು ಭಾವನೇ.